ಪೀಠಿಕೆ ಹೇಳದ ಪಾತ್ರಗಳು: ಆಟದ ಪಾಡ್‌ಕಾಸ್ಟಿನಲ್ಲಿ ಪೂರ್ವಕಥೆಯ ಜಾಡು ಹಿಡಿಯುವುದು

(ಶಿರಸಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳಿವೆ.)

ಮೊದಲೇ ಒಂದು ಎಚ್ಚರಿಕೆ. ಕ್ರಿಟಿಕಲ್ ರೋಲ್ ಮತ್ತು ದಿ ಅಡ್ವೆಂಚರ್ ಝೋನ್ ಎಂಬ ಎರಡು ಆಟದ ಶೋಗಳಿವೆ. ಮೊದಲನೆಯದರ ಎರಡನೇ ಕ್ಯಾಂಪೇನು (ಅಂದರೆ ಕಂತುಕಂತಾಗಿ ಆಡುವ ಒಂದು ದೊಡ್ಡ ಕಥೆ) ಮತ್ತು ಎರಡನೆಯದರ ಬ್ಯಾಲೆನ್ಸ್ ಕಥೆ, ಇವೆರಡರ ಗುಟ್ಟುಗಳೂ ಇವತ್ತು ರಟ್ಟಾಗುತ್ತವೆ. ಪಾತ್ರದ ಪೂರ್ವಕಥೆಯ ಬಗ್ಗೆ ಮಾಡಿದ ಊಹೆ ಸರಿಯಿತ್ತೋ ಇಲ್ಲವೋ ಅನ್ನುವುದು ಗುಟ್ಟು ಹೊರಬಿದ್ದ ಮೇಲೆಯೇ ಗೊತ್ತಾಗುವುದರಿಂದ, ಗುಟ್ಟು ಮುಚ್ಚಿಟ್ಟುಕೊಂಡು ಊಹೆಯ ಬಗ್ಗೆ ಮಾತಾಡಲು ಬರುವುದಿಲ್ಲ. ಇನ್ನೂ ಕೇಳದವರು ಬೇಕಾದರೆ ಹೊರಗೆ ಚಹಾ ಕುಡಿದು ಬನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ.

ಹೊಸಬರಿಗಾಗಿ ಎರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದರು. ಮೇಜಿನ ಒಂದು ಕಡೆ ಡಂಜನ್ ಮಾಸ್ಟರ್, ಅಂದರೆ ಡಿಎಂ, ಕೂರುತ್ತಾರೆ. ಲೋಕವನ್ನೂ ಅಲ್ಲಿನ ಉಳಿದ ಜನರನ್ನೂ ನಡೆಸುವುದು ಅವರ ಕೆಲಸ. ಉಳಿದವರು ತಲಾ ಒಂದು ಪಾತ್ರ ಹಿಡಿಯುತ್ತಾರೆ. ಪಾತ್ರ ಅಂದುಕೊಂಡದ್ದು ನಡೆಯಿತೋ ಇಲ್ಲವೋ ಎಂಬುದನ್ನು ಬಹುಪಾಲು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಹೀಗೆ ಆಡಿದ್ದನ್ನು ಧ್ವನಿಮುದ್ರಿಸಿ ಕಂತುಕಂತಾಗಿ ಬಿಟ್ಟರೆ ಅದೇ ಪಾಡ್‌ಕಾಸ್ಟು.

ತಾಳಮದ್ದಳೆ ಕೇಳುವ ಸೀಮೆಯಲ್ಲಿ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಮಾತಿನಿಂದ ಪಾತ್ರ ಕಟ್ಟಬೇಕು, ಎದುರಿನವರ ಮಾತಿಗೆ ಆ ಕ್ಷಣದಲ್ಲೇ ಉತ್ತರ ಕೊಡಬೇಕು. ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಹೋಲಿಕೆಯಲ್ಲ, ವ್ಯತ್ಯಾಸ. ಅರ್ಥಧಾರಿ ಮಾತು ಶುರುಮಾಡುವುದೇ ಪೀಠಿಕೆಯಿಂದ: ನಾನು ಯಾರು, ಎಲ್ಲಿಂದ ಬಂದೆ, ಈಗ ಯಾವ ಇಕ್ಕಟ್ಟಿನಲ್ಲಿದ್ದೇನೆ. ಕರ್ಣನ ತಾಯಿ ಯಾರೆಂದು ಸಭೆಗೆ ಮೊದಲೇ ಗೊತ್ತು. ಗೊತ್ತಿದ್ದದ್ದನ್ನು ಇವತ್ತಿನ ಅರ್ಥಧಾರಿ ಹೇಗೆ ಹೇಳುತ್ತಾರೆ ಅನ್ನುವುದರಲ್ಲಿ ರುಚಿ. ಪಾಡ್‌ಕಾಸ್ಟಿನ ಪಾತ್ರ ಪೀಠಿಕೆ ಹೇಳದೆ ಒಳಗೆ ಬಂದು ಕೂತುಬಿಡುತ್ತದೆ, ಮತ್ತು ಅದರ ಬೆನ್ನಿಗೆ ಪ್ರಸಂಗದ ಪುಸ್ತಕವೂ ಇಲ್ಲ. ಹಾಗಾಗಿ ಕಾದಂಬರಿ ಓದುವವರು ಊಹಿಸುವ ಹಾಗೆ ಇಲ್ಲಿ ಊಹಿಸಿದರೆ ಎಡವುತ್ತೀರಿ. ಕಾದಂಬರಿಯ ಗುಟ್ಟು ಬರೆದು ಮುಗಿದಿರುತ್ತದೆ, ನಮಗೆ ಕಾಣದ ಪುಟದಲ್ಲಿರುತ್ತದೆ ಅಷ್ಟೆ. ಇಲ್ಲಿಯ ಗುಟ್ಟು ಎಷ್ಟೋ ಸಲ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಆದ್ದರಿಂದ ಒಂದು ಸುಳಿವು ಸಿಕ್ಕಿತು ಅನ್ನಿಸಿದಾಗ ಮೊದಲು ಕೇಳಬೇಕಾದ ಪ್ರಶ್ನೆ "ಇದರ ಅರ್ಥವೇನು" ಎಂದಲ್ಲ. "ಈ ಮಾತು ಹೊರಬಿದ್ದ ಹೊತ್ತಿನಲ್ಲಿ ಇದರ ಹಿಂದಿನ ಸಂಗತಿ ಯಾರ ಕೈಯಲ್ಲಿತ್ತು" ಎಂದು. ಆಟಗಾರರು ಬರೆದಿಟ್ಟುಕೊಂಡದ್ದೇ? ಡಿಎಂ ಒಬ್ಬರಿಗೇ ಗೊತ್ತಿದ್ದದ್ದೇ? ದಾಳ ಬಿದ್ದ ಮೇಲೆ ಬಾಯಿಗೆ ಬಂದದ್ದೇ? ಅಥವಾ ಆಟಕ್ಕೇ ಸಂಬಂಧವಿಲ್ಲದ, ಸ್ಟುಡಿಯೋದ ಹೊರಗಿನ ಕಾರಣವೇ? ಥಿಯರಿ ತಪ್ಪಾದಾಗ ಹಿಂದಿರುಗಿ ನೋಡಿದರೆ ಎಡವಟ್ಟು ಹೆಚ್ಚಾಗಿ ಇಲ್ಲೇ ಆಗಿರುತ್ತದೆ: ದಾಳ ಕೊಟ್ಟದ್ದನ್ನು ಆಟಗಾರರ ಯೋಜನೆ ಅಂದುಕೊಂಡಿರುತ್ತೇವೆ, ಹೊರಗಿನ ಕಾರಣವನ್ನು ಕಥೆಯ ಕಾರಣ ಅಂದುಕೊಂಡಿರುತ್ತೇವೆ.

ಮಾಲಿಮಾಕ್ ಟೀಲೀಫ್ ಇದಕ್ಕೆ ಒಳ್ಳೆಯ ಪಾಠ. ಕ್ರಿಟಿಕಲ್ ರೋಲ್‌ನ ಎರಡನೇ ಕ್ಯಾಂಪೇನು 2018ರ ಜನವರಿಯಲ್ಲಿ ಶುರುವಾಯಿತು. ಡಿಎಂ ಮ್ಯಾಥ್ಯೂ ಮರ್ಸರ್. ಮಾಲಿಯನ್ನು ಆಡಿದವರು ತಾಲಿಯೆಸಿನ್ ಜಾಫಿ. ಮಾಲಿ ಹಿಂದಿನದೇನೂ ನೆನಪಿಲ್ಲದೆ ಹೂತ ಮಣ್ಣಿನಿಂದ ಎದ್ದು ಬಂದವನು, ಹಿಂದೆ ಯಾರಾಗಿದ್ದೆ ಎಂದು ತಿಳಿಯುವ ಆಸೆಯೂ ಇಲ್ಲದವನು. ಊಹಿಸುವವರಿಗೆ ಇಂಥ ಪಾತ್ರ ಹಬ್ಬದೂಟ. ಅದೇ ವರ್ಷ ಜುಲೈಯಲ್ಲಿ, 26ನೇ ಕಂತಿನಲ್ಲಿ, ಅವನು ಸತ್ತ. ಅವನದು ಬ್ಲಡ್ ಹಂಟರ್ ಎಂಬ ವರ್ಗ (ವರ್ಗ ಅಂದರೆ ಆಟದಲ್ಲಿ ಪಾತ್ರದ ಕಸುಬು), ಶಾಪ ಹಾಕಬೇಕಾದರೆ ತನ್ನ ರಕ್ತವನ್ನೇ ತೆರಬೇಕು. ಆ ತೆರಿಗೆಗೇ ಅವನು ಪ್ರಜ್ಞೆ ತಪ್ಪಿ ಬಿದ್ದ, ಎದುರಾಳಿ ಬಿದ್ದವನನ್ನು ಮುಗಿಸಿದ. ಕಥೆಗೆ ಬೇಕಾಗಿ ಬರೆದ ಸಾವಲ್ಲ ಇದು, ಆಟದ ಲೆಕ್ಕ ತಂದ ಸಾವು. ಅಲ್ಲಿಯ ತನಕ ಕೂಡಿಸಿಟ್ಟ ಸುಳಿವುಗಳೆಲ್ಲ ಎರಡು ವರ್ಷಕ್ಕೂ ಹೆಚ್ಚು ಕಾಲ ಗಾಳಿಯಲ್ಲಿ ನೇತಾಡಿದವು. ಆಮೇಲೆ ಅದೇ ದೇಹ ಲೂಸಿಯನ್ ಎಂಬ ಹಳೆಯ ಹೆಸರಿನಲ್ಲಿ ಎದ್ದು ಬಂದು ಕ್ಯಾಂಪೇನಿನ ಕೊನೆಯ ದೊಡ್ಡ ವೈರಿಯಾಯಿತು, ಆಗ ಅದರ ಬಾಯಿಂದ ಮಾತಾಡಿದವರು ಡಿಎಂ. ಮಾಲಿಯ ಪೂರ್ವಕಥೆ ಹೊರಬಿದ್ದದ್ದು ಮಾಲಿಯಿಂದಲ್ಲ ಅನ್ನುವುದನ್ನು ಗಮನಿಸಿ. "ಜಾಫಿ ಇದನ್ನು ಯಾವಾಗ ಹೇಳುತ್ತಾರೆ" ಎಂದು ಕಾದವರು ನೋಡುತ್ತಿದ್ದದ್ದು ಮೇಜಿನ ತಪ್ಪು ಬದಿಯನ್ನು.

ಹಾಗೆಂದು ಎಲ್ಲವೂ ಡಿಎಂ ಕೈಯಲ್ಲೇ ಇರುತ್ತದೆ ಅಂತಲ್ಲ. ಅದೇ ಕ್ಯಾಂಪೇನಿನಲ್ಲಿ ಸ್ಯಾಮ್ ರೀಗಲ್ ಆಡಿದ ಗಾಬ್ಲಿನ್ ಕಳ್ಳಿ, ನಾಟ್ ದಿ ಬ್ರೇವ್, ನೋಡಿ (ಗಾಬ್ಲಿನ್ ಅಂದರೆ ಎಲ್ಲರೂ ಹೇಸುವ ಕುಳ್ಳ ಜೀವಿ). ಆಕೆ ನಿಜದಲ್ಲಿ ಗಾಬ್ಲಿನ್ನೇ ಅಲ್ಲ, ವೆತ್ ಬ್ರೆನಾಟೋ ಎಂಬ ಹಾಫ್ಲಿಂಗ್, ಅಂದರೆ ಕುಳ್ಳ ಮನುಷ್ಯರಂಥ ಕುಲದ, ಗೃಹಿಣಿ. ಗಾಬ್ಲಿನ್ನರು ಅವಳನ್ನು ನೀರಿನಲ್ಲಿ ಮುಳುಗಿಸಿ ಕೊಂದಿದ್ದರು, ಮತ್ತೆ ಎದ್ದಾಗ ಗಾಬ್ಲಿನ್ ದೇಹದಲ್ಲಿದ್ದಳು. ಇದು ಹೊರಬಿದ್ದದ್ದು 50ನೇ ಕಂತಿನ ಆಸುಪಾಸಿನಲ್ಲಿ. ಸುಳಿವುಗಳು ಮಾತ್ರ ಆರಂಭದಿಂದಲೇ ಇದ್ದವು: ನೀರೆಂದರೆ ಮೈ ನಡುಗುವುದು, ಗಾಬ್ಲಿನ್ನರ ಬಗ್ಗೆ ಗಾಬ್ಲಿನ್ನಿಗೇ ಇರುವ ಅಸಹ್ಯ, ತನ್ನ ರೂಪ ಬದಲಾಯಿಸುವಷ್ಟು ಮಾಂತ್ರಿಕ ಬಲ ಜೊತೆಗಾರ ಕೇಲೆಬ್‌ಗೆ ಬರಲಿ ಎಂಬ ಹಂಬಲ, ರಸಾಯನಗಳ ತಿಳಿವಳಿಕೆ. ಇವು ನಾಲ್ಕು ಬೇರೆ ಬೇರೆ ಬಗೆಯವು, ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ನೀರಿನ ಭಯವನ್ನೇ ಹತ್ತು ಸಲ ಕೇಳಿದರೆ ಅದು ಒಂದೇ ಸುಳಿವು, ಹತ್ತಲ್ಲ. ಬೇರೆ ಬೇರೆ ಬಗೆಯವು ಮೂರು-ನಾಲ್ಕು ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಆ ಕಡೆ ನಡೆಯಬಹುದು. ಅಂದಹಾಗೆ ಆಕೆಯ ಎರಡು ಹೆಸರುಗಳೂ ಇಂಗ್ಲಿಷಿನಲ್ಲಿ ಅವೇ ಹನ್ನೆರಡು ಅಕ್ಷರಗಳ ಅದಲುಬದಲು. ಕನ್ನಡದಲ್ಲಿ ಬರೆದುಕೊಂಡವರಿಗೆ ಇದು ಯಾವ ಜನ್ಮಕ್ಕೂ ಕಾಣದು, ಹೆಸರುಗಳನ್ನು ಮೂಲ ಲಿಪಿಯಲ್ಲೂ ಬರೆದುಕೊಳ್ಳಿ. ಆದರೆ ಅಕ್ಷರದ ಆಟದಿಂದ ಥಿಯರಿ ಶುರುಮಾಡಬೇಡಿ. ಹನ್ನೆರಡು ಅಕ್ಷರ ಕೈಯಲ್ಲಿದ್ದರೆ ಯಾರ ಹೆಸರನ್ನು ಬೇಕಾದರೂ ಕಟ್ಟಬಹುದು. ಬೇರೆ ದಾರಿಯಲ್ಲಿ ತಲುಪಿದ ಮೇಲೆ ಮುದ್ರೆ ಒತ್ತಲು ಅದು ಸರಿ.

ಈಗ ಕೆಲಸದ ಮಾತು. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಕೇಳಿದ್ದು ಮಾತ್ರ, ಬಲಪುಟದಲ್ಲಿ ನಿಮ್ಮ ಊಹೆ. ಎರಡೂ ಬೆರೆತರೆ ಮೂರು ತಿಂಗಳ ನಂತರ ಯಾವುದು ಪಾತ್ರ ಹೇಳಿದ್ದು, ಯಾವುದು ನೀವೇ ಕಟ್ಟಿದ್ದು ಎಂದು ನಿಮಗೇ ತಿಳಿಯುವುದಿಲ್ಲ. ಎಡಪುಟದ ಪ್ರತಿ ಸಾಲಿಗೆ ಕಂತಿನ ಸಂಖ್ಯೆ ಮತ್ತು ಹೊತ್ತು ಇರಲಿ. ಹೊತ್ತಿನ ಜೊತೆಗೆ ಅದಕ್ಕೂ ಹಿಂದಿನ ಒಂದು ವಾಕ್ಯವನ್ನೂ ಬರೆಯಿರಿ. ಪಾಡ್‌ಕಾಸ್ಟಿನ ನಡುವೆ ಸೇರಿಸುವ ಜಾಹೀರಾತುಗಳು ಡೌನ್‌ಲೋಡ್ ಮಾಡಿದ ದಿನಕ್ಕೂ ಊರಿಗೂ ತಕ್ಕಂತೆ ಬದಲಾಗಬಹುದು, ಹಾಗಾಗಿ ಕಾರವಾರದವರ 1 ಗಂಟೆ 12 ನಿಮಿಷ ಬೆಂಗಳೂರಿನವರ 1 ಗಂಟೆ 14 ನಿಮಿಷ ಆಗಿಬಿಡುತ್ತದೆ. ಮಾತಾಡಿದ್ದು ಪಾತ್ರವೋ ಆಟಗಾರರೋ ಎಂದು ಗುರುತು ಹಾಕಿ. ಅದಕ್ಕೆ ಮುಂಚೆ ದಾಳ ಬಿತ್ತೇ, ಬಿದ್ದಿದ್ದರೆ ಎಷ್ಟು? ಎದುರಿಗೆ ಯಾರಿದ್ದರು? ಈ ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಅದೇ ಮುಖ್ಯವಾದದ್ದು. ಕಾವಲುಗಾರನ ಮುಂದೆ ಹೇಳಿದ ಊರಿನ ಹೆಸರಿಗೂ ರಾತ್ರಿ ಪಹರೆಯಲ್ಲಿ ಗೆಳತಿಯ ಮುಂದೆ ಹೇಳಿದ ಊರಿನ ಹೆಸರಿಗೂ ಒಂದೇ ಬೆಲೆ ಇಲ್ಲ. ಬಲಪುಟದಲ್ಲಿ ಊಹೆಯ ಕೆಳಗೆ ಇನ್ನೊಂದು ಸಾಲು ಕಡ್ಡಾಯ: ಏನು ಕೇಳಿದರೆ ಈ ಊಹೆಯನ್ನು ಕೈಬಿಡುತ್ತೇನೆ. ಆ ಸಾಲು ಬರೆಯಲು ಆಗದಿದ್ದರೆ ಅದು ಥಿಯರಿಯಲ್ಲ, ಆಸೆ.

ಸ್ವಯಂಚಾಲಿತ ಉಪಶೀರ್ಷಿಕೆಗಳನ್ನು ನಂಬಿ ಬರೆದುಕೊಳ್ಳಬೇಡಿ. ಕಾಲ್ಪನಿಕ ಲೋಕದ ಹೆಸರುಗಳು ಅವಕ್ಕೆ ಗೊತ್ತಿಲ್ಲ, ಹತ್ತಿರದ ಇಂಗ್ಲಿಷ್ ಪದವನ್ನು ತುರುಕುತ್ತವೆ. ಒಂದೇ ದೇವರು ಮೂರು ಹೆಸರಲ್ಲಿ ಬಂದು, ಮೂರು ದೇವರಿದ್ದಾರೆ ಎಂಬ ಥಿಯರಿ ಹುಟ್ಟಿಕೊಳ್ಳುವುದು ಹೀಗೆ.

ಇನ್ನು ನಿಯಮಪುಸ್ತಕ. ಊಹಿಸುವವರು ಇದನ್ನು ತೆರೆಯುವುದೇ ಕಡಿಮೆ, ಆದರೆ ಅತಿ ಗಟ್ಟಿಯಾದ ಸಾಕ್ಷಿ ಸಿಗುವುದು ಇಲ್ಲಿ. ಬಾಯಿ ಸುಳ್ಳು ಹೇಳಬಹುದು, ಪಾತ್ರದ ಅಂಕಗಳನ್ನೆಲ್ಲ ಬರೆದಿಟ್ಟ ಕ್ಯಾರೆಕ್ಟರ್ ಶೀಟಿನ ಲೆಕ್ಕ ಹೇಳುವುದಿಲ್ಲ. 2014ರ ಐದನೇ ಆವೃತ್ತಿಯನ್ನೇ ತೆಗೆದುಕೊಳ್ಳಿ. ಪ್ರತಿ ಪಾತ್ರಕ್ಕೂ ಒಂದು ಬ್ಯಾಕ್‌ಗ್ರೌಂಡ್, ಅಂದರೆ ಸಾಹಸಕ್ಕೆ ಇಳಿಯುವ ಮುಂಚಿನ ಬದುಕು, ಇರುತ್ತದೆ, ಅದು ಎರಡು ಕೌಶಲ ಕೊಡುತ್ತದೆ. ಒಬ್ಬ ಬಾರ್ಬೇರಿಯನ್, ಅಂದರೆ ಒರಟು ಕಾಳಗದ ವರ್ಗದವನು, ಇದ್ದಾನೆ, ತಾನು ಕಾಡಿನಲ್ಲಿ ಬೆಳೆದ ಅನಾಥ ಅನ್ನುತ್ತಾನೆ. ಐದನೇ ಲೆವೆಲ್ಲಿನಲ್ಲಿ (ಲೆವೆಲ್ ಅಂದರೆ ಪಾತ್ರ ಆಡುತ್ತ ಏರುವ ಮೆಟ್ಟಿಲು) ಹಿಸ್ಟರಿ ಚೆಕ್, ಅಂದರೆ ಇತಿಹಾಸ ಗೊತ್ತಿದೆಯೇ ಎಂದು ನೋಡುವ ದಾಳ, ಹಾಕುವಾಗ "ಹನ್ನೊಂದು, ಒಟ್ಟು ಹದಿನೈದು" ಅಂದ. ಅಂದರೆ ಅವನ ಕೂಡಿಕೆ 4. ಅವನ ಬುದ್ಧಿಯ ಅಂಕ 12 ಎಂದು ಬೇರೆ ಕಡೆ ಕೇಳಿದ್ದೀರಿ, ಅದರಿಂದ ಬರುವುದು 1. ಕಲಿತ ಕೌಶಲಕ್ಕೆ ಸೇರುವ ಪ್ರೊಫಿಷಿಯೆನ್ಸಿ ಐದನೇ ಲೆವೆಲ್ಲಿನಲ್ಲಿ 3. ಒಂದು, ಮೂರು, ನಾಲ್ಕು: ಅವನು ಇತಿಹಾಸ ಕಲಿತವನು. ಬಾರ್ಬೇರಿಯನ್ ವರ್ಗದ ಕೌಶಲಪಟ್ಟಿಯಲ್ಲಿ ಹಿಸ್ಟರಿ ಇಲ್ಲ. ಆ ಪುಸ್ತಕದ ಹದಿಮೂರು ಬ್ಯಾಕ್‌ಗ್ರೌಂಡುಗಳಲ್ಲಿ ಹಿಸ್ಟರಿ ಕೊಡುವವು ಎರಡೇ, ನೋಬಲ್ ಮತ್ತು ಸೇಜ್. ಕಾಡಿನ ಅನಾಥ ಎಂಬ ಮಾತಿನ ಕೆಳಗೆ ಅರಮನೆಯೋ ಗ್ರಂಥಾಲಯವೋ ಇರುವ ಸಂಭವ ಬಂತು.

ಇಲ್ಲಿ ತಪ್ಪುವುದು ಹೇಗೆ ಎಂದೂ ಹೇಳಬೇಕು. ಆ ಒಂದು ಚೆಕ್ಕಿಗೆ ಪಕ್ಕದ ಕ್ಲೆರಿಕ್ (ಪೂಜಾರಿ ವರ್ಗದವರು) ಗೈಡೆನ್ಸ್ ಎಂಬ ಸಹಾಯದ ಮಂತ್ರ ಕೊಟ್ಟಿದ್ದರೆ ನಾಲ್ಕು ಮುಖದ ದಾಳವೂ ಸೇರಿರುತ್ತದೆ, ನಿಮ್ಮ 4 ಹುಸಿ. ಹಾಫ್-ಎಲ್ಫ್ ಕುಲದವನಾದರೆ ಬೇಕಾದ ಎರಡು ಕೌಶಲ ಪುಕ್ಕಟೆ. ಬ್ಯಾಕ್‌ಗ್ರೌಂಡನ್ನು ತಾವೇ ಹೊಂದಿಸಿಕೊಳ್ಳಲೂ ನಿಯಮ ಬಿಡುತ್ತದೆ. ಆದ್ದರಿಂದ ಸಹಾಯವಿಲ್ಲದ ಮೂರು ಚೆಕ್ಕುಗಳಲ್ಲಿ ಅದೇ ಕೂಡಿಕೆ ಬರುವ ತನಕ ಎಡಪುಟದಲ್ಲಿ ಪೆನ್ಸಿಲಿನಲ್ಲೇ ಇರಲಿ. ನಡುವೆ ಲೆವೆಲ್ ಏರಿದ್ದರೆ ಲೆಕ್ಕ ಬದಲಾಗುತ್ತದೆ: ಪ್ರೊಫಿಷಿಯೆನ್ಸಿ ನಾಲ್ಕನೇ ಲೆವೆಲ್ಲಿನ ತನಕ 2, ಐದರಿಂದ ಎಂಟರ ತನಕ 3. ಮತ್ತೆ, ಶೋ ಯಾವ ಆವೃತ್ತಿಯಲ್ಲಿ ಆಡುತ್ತಿದೆ ನೋಡಿಕೊಳ್ಳಿ. 2024ರ ಪುಸ್ತಕದಲ್ಲಿ ಬ್ಯಾಕ್‌ಗ್ರೌಂಡುಗಳು ಹದಿನಾರು, ಕೆಲಸ ಮಾಡುವ ರೀತಿಯೂ ಬೇರೆ. ಯಾವುದೋ ಒಡೆಯನಿಂದ ಬಲ ಪಡೆಯುವ ವಾರ್ಲಾಕ್ ಎಂಬ ಮಾಂತ್ರಿಕ ವರ್ಗ 2014ರಲ್ಲಿ ಮೊದಲ ಲೆವೆಲ್ಲಿನಲ್ಲೇ ತನ್ನ ಒಡೆಯನನ್ನು ಆರಿಸಬೇಕಿತ್ತು, 2024ರಲ್ಲಿ ಆ ಉಪವರ್ಗದ ಆಯ್ಕೆ ಮೂರನೇ ಲೆವೆಲ್ಲಿಗೆ ಹೋಯಿತು. "ಇಷ್ಟು ದಿನ ಒಡೆಯನ ಸುದ್ದಿಯೇ ಇಲ್ಲ, ಏನೋ ಮುಚ್ಚಿಡುತ್ತಿದ್ದಾನೆ" ಎಂಬ ಊಹೆ ಒಂದು ಆವೃತ್ತಿಯಲ್ಲಿ ಜಾಣತನ, ಇನ್ನೊಂದರಲ್ಲಿ ಪುಸ್ತಕ ಓದದಿರುವುದರ ಫಲ.

ಮಂತ್ರಗಳ ಮಿತಿ ಇನ್ನೂ ಉಪಯೋಗದ್ದು. "ಅವನ ನೆನಪನ್ನು ಯಾರೋ ಬದಲಾಯಿಸಿದ್ದಾರೆ" ಎಂಬ ಥಿಯರಿ ಯಾವ ಶೋದಲ್ಲೂ ಯಾವ ಪಾತ್ರಕ್ಕೂ ಬಂದೇ ಬರುತ್ತದೆ. ಮಾಡಿಫೈ ಮೆಮೊರಿ ಎಂಬ ಮಂತ್ರದ ಅಳತೆ ನೋಡಿ. ಅದು ಐದನೇ ಮಟ್ಟದ ಮಂತ್ರ. ಕಳೆದ 24 ಗಂಟೆಯೊಳಗೆ ನಡೆದ, ಹತ್ತು ನಿಮಿಷ ಮೀರದ ಒಂದು ಘಟನೆಯನ್ನಷ್ಟೇ ಮುಟ್ಟುತ್ತದೆ. ಆರನೇ ಮಟ್ಟದ ಬಲ ಹಾಕಿದರೆ ಏಳು ದಿನ ಹಿಂದಕ್ಕೆ, ಏಳನೆಯದಕ್ಕೆ ಮೂವತ್ತು ದಿನ, ಎಂಟನೆಯದಕ್ಕೆ ಒಂದು ವರ್ಷ. ಬಾಲ್ಯದ ತನಕ ಹೋಗಬೇಕಾದರೆ ಒಂಬತ್ತನೇ ಮಟ್ಟ ಬೇಕು, ಅಂದರೆ ಕನಿಷ್ಠ ಹದಿನೇಳನೇ ಲೆವೆಲ್ಲಿನ ಮಾಂತ್ರಿಕ ಬೇಕು. ಆಗಲೂ ಬದಲಾಗುವುದು ಹತ್ತು ನಿಮಿಷದ ಒಂದು ಘಟನೆ, ಇಡೀ ಬಾಲ್ಯವಲ್ಲ. ಹಳ್ಳಿಯ ಪೂಜಾರಿ ಇಪ್ಪತ್ತು ವರ್ಷದ ನೆನಪು ಅಳಿಸಿದ ಎಂಬ ಥಿಯರಿ ಇಲ್ಲಿಗೇ ಬಿತ್ತು.

ಇದೇ ಅಳತೆಗೋಲನ್ನು ಕೇಲೆಬ್ ವಿಡೋಗಾಸ್ಟ್ ಮೇಲೆ ಇಡಿ. ಲಿಯಾಮ್ ಓಬ್ರಿಯನ್ ಆಡಿದ ಈ ಮಾಂತ್ರಿಕ 18ನೇ ಕಂತಿನಲ್ಲಿ ಜೊತೆಗಾತಿಯರಾದ ಬೋ ಮತ್ತು ನಾಟ್ ಮುಂದೆ ತನ್ನ ಕಥೆ ಬಿಚ್ಚಿಟ್ಟ. ಗುರು ಟ್ರೆಂಟ್ ಇಕಿಥಾನನ ಶಿಷ್ಯನಾಗಿದ್ದಾಗ ಮನೆಗೆ ಹೋಗಿ ಅಪ್ಪ-ಅಮ್ಮ ರಾಜದ್ರೋಹದ ಮಾತಾಡುವುದನ್ನು ಕೇಳಿದೆ, ಅವರಿದ್ದ ಮನೆಗೆ ಬೆಂಕಿ ಇಟ್ಟೆ, ಆಮೇಲೆ ತಿಳಿಯಿತು ಆ ನೆನಪೇ ಸುಳ್ಳೆಂದು. ಗಮನಿಸಿ: ಒಳಗೆ ತುರುಕಿದ್ದು ಬದುಕಿಡೀ ಅಲ್ಲ, ಬಾಗಿಲ ಮರೆಯಿಂದ ಕೇಳಿದ ಒಂದು ಸಂಭಾಷಣೆ. ಹತ್ತು ನಿಮಿಷದೊಳಗಿನ ಮಾತು, ಇತ್ತೀಚೆಗೆ ನಡೆದದ್ದು, ಮಾಡಿದವನು ಸಾಮ್ರಾಜ್ಯದ ಹಿರಿಯ ಮಾಂತ್ರಿಕ. ಪುಸ್ತಕದ ಅಳತೆಗೆ ಸರಿಯಾಗಿ ಕೂರುತ್ತದೆ. ಒಳ್ಳೆಯ ಆಟಗಾರರು ಪೂರ್ವಕಥೆ ಬರೆಯುವುದು ಹೀಗೆ, ನಿಯಮದ ಒಳಗೇ ನಿಂತು. ಅದಕ್ಕೇ ನಿಯಮ ಗೊತ್ತಿದ್ದವರಿಗೆ ಜಾಡು ಹಿಡಿಯಲು ಬರುತ್ತದೆ.

ಝೋನ್ ಆಫ್ ಟ್ರೂಥ್ ಎಂಬ ಮಂತ್ರದ ಬಗ್ಗೆ ಚುಟುಕಾಗಿ: 15 ಅಡಿ ತ್ರಿಜ್ಯ, ಹತ್ತು ನಿಮಿಷ. ಸೇವ್, ಅಂದರೆ ಮಂತ್ರವನ್ನು ತಡೆಯಲು ಹಾಕುವ ದಾಳ, ತಪ್ಪಿದವರು ಬೇಕೆಂದೇ ಸುಳ್ಳು ಹೇಳಲಾರರು, ತಪ್ಪಿದರೋ ಇಲ್ಲವೋ ಮಂತ್ರ ಹಾಕಿದವರಿಗೆ ಗೊತ್ತಾಗುತ್ತದೆ. ಆದರೆ ಸುತ್ತುಬಳಸಿ ಉತ್ತರಿಸಬಹುದು, ಸುಮ್ಮನಿರಬಹುದು, ತಾನು ನಿಜವೆಂದು ನಂಬಿದ ಸುಳ್ಳನ್ನು ಧಾರಾಳವಾಗಿ ಹೇಳಬಹುದು. ಆ ಹೊತ್ತಿನ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ. ಸಾರಾಂಶ ಬರೆದರೆ ಸುತ್ತುಬಳಸಿದ್ದೇ ಕಳೆದುಹೋಗುತ್ತದೆ.

ದಾಳವನ್ನು ದೈವವಾಣಿ ಮಾಡಬೇಡಿ. ಇಪ್ಪತ್ತು ಬೀಳುವ ಸಂಭವ 5 ಶೇಕಡಾ. ಅಡ್ವಾಂಟೇಜ್ ಇದ್ದರೆ, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಂಡರೆ, 9.75 ಶೇಕಡಾ. ನೂರು ಸಲ ಉರುಳಿಸಿದರೆ ಸರಾಸರಿ ಐದು ಇಪ್ಪತ್ತು ಬೀಳುತ್ತವೆ, ಅವುಗಳಲ್ಲೊಂದು ದೇವಸ್ಥಾನದ ದೃಶ್ಯದಲ್ಲಿ ಬಿದ್ದರೆ ಪಾತ್ರ ದೇವಾಂಶಸಂಭೂತ ಆಗುವುದಿಲ್ಲ. ಆದರೆ ಆ ಇಪ್ಪತ್ತಕ್ಕೆ ಡಿಎಂ ಕೊಟ್ಟ ಉತ್ತರ ಇದೆಯಲ್ಲ, ಅದನ್ನು ಬರೆದುಕೊಳ್ಳಿ. ದಾಳ ಕುರುಡು, ಉತ್ತರ ಕೊಟ್ಟವರು ಕುರುಡಲ್ಲ.

ದನಿಯ ವಿಷಯಕ್ಕೆ ಬರೋಣ. ಕ್ರಿಟಿಕಲ್ ರೋಲ್‌ನಲ್ಲಿ ಟ್ರಾವಿಸ್ ವಿಲಿಂಗ್‌ಹ್ಯಾಮ್ ಆಡಿದ ಫ್ಯೋರ್ಡ್ ಎಂಬ ಹಡಗಿನವನ ಎಳೆದೆಳೆದು ಮಾತಾಡುವ ಉಚ್ಚಾರ ಅವನದ್ದೇ ಅಲ್ಲ, ಅವನ ಹಿರಿಯ ವ್ಯಾಂಡ್ರನ್‌ನನ್ನು ನೋಡಿ ಅನುಕರಿಸಿದ್ದು ಎಂದು ಬಹಳ ತಡವಾಗಿ ಹೊರಬಿತ್ತು. ಆ ಮೇಜಿನಲ್ಲಿ ಕೂತವರು ವೃತ್ತಿಪರ ಕಂಠದಾನ ಕಲಾವಿದರು, ಅವರ ದನಿ ಬದಲಾದರೆ ಕಿವಿ ಚುರುಕಾಗಬೇಕು. ಇದೇ ಕಿವಿಯನ್ನು ಮನೆಮಂದಿ ಕೂತು ನಗುತ್ತ ಆಡುವ ಶೋಗೆ ಒಯ್ದರೆ ಕೆಡುತ್ತದೆ. ಅಡ್ವೆಂಚರ್ ಝೋನ್‌ನ ಮೆಕೆಲ್‌ರಾಯ್ ಅಣ್ಣತಮ್ಮಂದಿರೂ ಅವರ ತಂದೆಯೂ ಹಾಸ್ಯದವರು, ಅಲ್ಲಿ ದನಿ ಜಾರಿದರೆ ಜಾರಿದ್ದಷ್ಟೇ. ಅಲ್ಲಿ ಕೇಳಬೇಕಾದದ್ದು ಬೇರೆ. ಅಣ್ಣತಮ್ಮಂದಿರಲ್ಲೊಬ್ಬರಾದ ಡಿಎಂ ಗ್ರಿಫಿನ್ ಸಂಗೀತವನ್ನೂ ಸಂಕಲನವನ್ನೂ ತಾವೇ ಮಾಡುತ್ತಿದ್ದರು. ಮಾತು ಬಾಯಿತಪ್ಪಿ ಬರಬಹುದು, ಹಿನ್ನೆಲೆ ಸಂಗೀತ ಬಾಯಿತಪ್ಪಿ ಬರುವುದಿಲ್ಲ.

ಬ್ಯಾಲೆನ್ಸ್ ಕಥೆಯಲ್ಲಿ ಇನ್ನೊಂದು ಸೊಗಸಾದ ಸುಳಿವಿದೆ. ವಾಯ್ಡ್‌ಫಿಶ್ ಎಂಬ ಪ್ರಾಣಿಗೆ ಏನನ್ನು ಉಣಿಸಿದರೂ ಲೋಕ ಅದನ್ನು ಮರೆಯುತ್ತದೆ. ಮರೆತದ್ದರ ಬಗ್ಗೆ ಯಾರಾದರೂ ಮಾತಾಡಿದರೆ ಬರೀ ಗರಗರ ಸದ್ದು ಕೇಳುತ್ತದೆ. ಅದರ ರಸ ಕುಡಿದವರಿಗೆ ಮಾತ್ರ ಮಾತು ತಿಳಿಯುತ್ತದೆ. ಇದು ಶುರುವಿನಲ್ಲೇ ಕೊಟ್ಟ ನಿಯಮ. ಮೂವರು ನಾಯಕರೂ ರಸ ಕುಡಿದರು. ಆದರೂ ಎಷ್ಟೋ ಕಂತುಗಳ ನಂತರ ಮತ್ತೆ ಗರಗರ ಕೇಳಿತು. ಹಾಗಾದರೆ ಎರಡೇ ದಾರಿ: ನಿಯಮ ತಪ್ಪು, ಇಲ್ಲವೇ ಅವರು ರಸ ಕುಡಿಯದ ಇನ್ನೊಂದು ವಾಯ್ಡ್‌ಫಿಶ್ ಇದೆ. ಇದ್ದದ್ದು ಎರಡನೆಯದೇ. ಅದಕ್ಕೆ ಉಣಿಸಿದ್ದು ಆ ಮೂವರ ಸ್ವಂತ ಪೂರ್ವಕಥೆಯನ್ನು. ಸ್ವತಃ ಕೊಟ್ಟ ನಿಯಮವನ್ನು ಕಥೆ ಮುರಿದಂತೆ ಕಂಡರೆ ಮುರಿದಿದೆ ಅನ್ನಬೇಡಿ, ನಿಯಮದ ಯಾವ ಭಾಗ ನಿಮಗಿನ್ನೂ ಹೇಳಿಲ್ಲ ಎಂದು ಹುಡುಕಿ.

ಇದೇ ಕಥೆ ಇನ್ನೊಂದನ್ನೂ ತೋರಿಸುತ್ತದೆ. ಅದು 2014ರಲ್ಲಿ ಶುರುವಾದದ್ದು ಸ್ಟಾರ್ಟರ್ ಸೆಟ್ಟಿನಲ್ಲಿ ಬರುವ ಸಿದ್ಧ ಸಾಹಸವನ್ನು ಆಡುತ್ತ. ಅಲ್ಲಿ ಕೆಂಪು ನಿಲುವಂಗಿಯ ಅಸ್ಥಿಪಂಜರದ ಬಳಿ ಸಿಕ್ಕ ಒಂದು ಕೊಡೆ, ತಮಾಷೆಯ ಹೆಸರಿನ ಬ್ಯಾರಿ ಬ್ಲೂಜೀನ್ಸ್ ಎಂಬ ಕಾವಲುಗಾರ, ಇವೆಲ್ಲ ಆಗ ಹಾದುಹೋದ ಸಂಗತಿಗಳು. 2017ರ ಆಗಸ್ಟಿನಲ್ಲಿ 69ನೇ ಕಂತಿಗೆ ಕಥೆ ಮುಗಿಯುವ ಹೊತ್ತಿಗೆ ಬ್ಯಾರಿ ನಾಯಕರ ಹಳೆಯ ಹಡಗಿನ ಏಳು ಮಂದಿಯಲ್ಲೊಬ್ಬ, ಕೊಡೆಯೊಳಗೆ ನಾಯಕರಲ್ಲೊಬ್ಬನಾದ ಟಾಕೋನ ಅವಳಿ ಸೋದರಿ. ಹಳೆಯ ಸಾಮಾನಿಗೆ ಹೊಸ ಪೂರ್ವಕಥೆ ಹೊಲಿಯುವುದು ಈ ಮಾಧ್ಯಮದ ಗುಣ. ಅದನ್ನು ಮೋಸ ಅನ್ನುವವರಿದ್ದಾರೆ, ನಮಗೆ ಹಾಗನ್ನಿಸುವುದಿಲ್ಲ. ಊಹಿಸುವವರು ಮಾಡಬೇಕಾದ್ದು ಇಷ್ಟು: ಬಳಸದೆ ಬಿಟ್ಟ ವಸ್ತುಗಳ, ಪೂರ್ತಿ ಹೆಸರು ಪಡೆದ ಚಿಲ್ಲರೆ ಪಾತ್ರಗಳ ಒಂದು ಪಟ್ಟಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿಡಿ. ಡಿಎಂಗೆ ದಾರ ಬೇಕಾದಾಗ ಕೈ ಹಾಕುವುದು ಅದೇ ಬುಟ್ಟಿಗೆ.

ಸ್ಟುಡಿಯೋದ ಹೊರಗಿನ ಕಾರಣಗಳಿಗೆ ಕ್ರಿಟಿಕಲ್ ರೋಲ್‌ನಲ್ಲಿ ಆಶ್ಲಿ ಜಾನ್ಸನ್ ಆಡಿದ ಯಾಶಾ ಸಾಕು. ಯಾಶಾ ಆಗಾಗ ಕಾಣೆಯಾಗುತ್ತಿದ್ದಳು. ಕಾರಣ, ಜಾನ್ಸನ್ ನ್ಯೂಯಾರ್ಕಿನಲ್ಲಿ ಟಿವಿ ಧಾರಾವಾಹಿಯೊಂದರ ಚಿತ್ರೀಕರಣದಲ್ಲಿದ್ದರು. ಮೇಜಿನವರು ಆ ಗೈರುಹಾಜರಿಯನ್ನೇ ಕಥೆ ಮಾಡಿ, ಬಿರುಗಾಳಿಯ ದೇವರು ಕರೆದಾಗ ಹೋಗುವವಳು ಅಂದರು. ಈಗ ಹೇಳಿ, "ಅವಳು ಯಾಕೆ ಹೋಗುತ್ತಾಳೆ" ಎಂಬ ಪ್ರಶ್ನೆಗೆ ಯಾವ ಉತ್ತರ ಸರಿ? ಎರಡೂ. ಆದರೆ "ಸರಿಯಾಗಿ ಈ ಕಂತಿಗೇ ಯಾಕೆ ಹೋದಳು, ಮುಂದಿನದಕ್ಕೆ ಯಾಕಲ್ಲ" ಎಂಬುದಕ್ಕೆ ಕಥೆಯೊಳಗೆ ಉತ್ತರ ಹುಡುಕುವುದು ದಂಡ. ಸಾರ್ವಜನಿಕವಾಗಿ ಹೇಳಿದ ಕೆಲಸದ ವಿವರ ನೋಡಿ, ಅಲ್ಲಿಗೆ ನಿಲ್ಲಿಸಿ. ಕಲಾವಿದರ ಮನೆ, ಆರೋಗ್ಯ, ಸಂಬಂಧ ಕೆದಕಿ ಪಾತ್ರದ ಬಗ್ಗೆ ಊಹಿಸುವುದು ಊಹೆಯಲ್ಲ, ಕಿಟಕಿಗೆ ಕಣ್ಣು ಹಾಕುವುದು. ನೇರಪ್ರಸಾರವೋ ಮೊದಲೇ ಮುದ್ರಿಸಿದ್ದೋ ಎಂಬುದೂ ಮುಖ್ಯ. ಕ್ರಿಟಿಕಲ್ ರೋಲ್ 2020ರ ಮಾರ್ಚಿನಲ್ಲಿ ಕೊರೋನಾದಿಂದ ನಿಂತು ಜುಲೈಯಲ್ಲಿ ಮತ್ತೆ ಶುರುವಾದಾಗ ಮೊದಲೇ ಮುದ್ರಿಸಿದ ಕಂತುಗಳಾಗಿ ಬಂತು. ನೇರಪ್ರಸಾರದ ಕಾಲದಲ್ಲಿ ಈ ವಾರದ ಜನಪ್ರಿಯ ಥಿಯರಿ ಮುಂದಿನ ವಾರದ ಮೇಜನ್ನು ತಲುಪಬಹುದಿತ್ತು. ಮೊದಲೇ ಮುದ್ರಿಸಿದ್ದರೆ ಮುಂದಿನ ಕಂತು ಆಗಲೇ ಆಡಿ ಮುಗಿದಿರಬಹುದು, "ನಮ್ಮ ಥಿಯರಿ ಕೇಳಿ ಬದಲಾಯಿಸಿದರು" ಎಂಬ ದೂರಿಗೆ ಕಾಲೇ ಇಲ್ಲ.

ಪ್ರಶ್ನೆ: ನಾವು ನಾಲ್ಕು ಜನ ಕುಮಟಾದಲ್ಲಿ ಕನ್ನಡದಲ್ಲೇ ಆಡಿ ಮುದ್ರಿಸಬೇಕೆಂದಿದ್ದೇವೆ. ಕೇಳುವವರು ಊಹಿಸುವಂಥ ಪೂರ್ವಕಥೆ ಹೇಗೆ ಬರೆಯುವುದು?

ಒಂದು ಪುಟ ಮೀರಬೇಡಿ. ಹತ್ತು ಪುಟ ಬರೆದರೆ ಡಿಎಂ ಓದುವುದಿಲ್ಲ, ಓದಿದರೂ ನೆನಪಿರುವುದಿಲ್ಲ. ಕುಮಟಾದವರಾದ್ದರಿಂದ ಪಕ್ಕದ ಮಿರ್ಜಾನ್ ಕೋಟೆಯನ್ನೇ ತೆಗೆದುಕೊಳ್ಳಿ. ಹದಿನಾರನೇ ಶತಮಾನ, ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲ, ಅಘನಾಶಿನಿಯ ಬಂದರಿನಿಂದ ಕಾಳುಮೆಣಸು ಹಡಗೇರುತ್ತಿದೆ. ನಿಮ್ಮ ಪಾತ್ರ ಉಗ್ರಾಣದಲ್ಲಿ ಮೆಣಸಿನ ಲೆಕ್ಕ ಬರೆಯುತ್ತಿದ್ದವನು, ಈಗ ಅಲೆಮಾರಿ. ಬರೆಯಬೇಕಾದ್ದು: ಬದುಕಿರುವ ಮೂವರು, ಅವರಲ್ಲಿ ಒಬ್ಬರಿಗಾದರೂ ಇವನ ಮೇಲೆ ಸಿಟ್ಟು. ತೀರಿಸದ ಒಂದು ಸಾಲ. ಎಲ್ಲರಿಗೂ ಹೇಳುವ ಒಂದು ಸುಳ್ಳು, ಉದಾಹರಣೆಗೆ ಉಗ್ರಾಣಕ್ಕೆ ಬೆಂಕಿ ತಾಗಿದ್ದರಿಂದ ಊರು ಬಿಟ್ಟೆ ಎಂದು. ಆ ಸುಳ್ಳಿಗೆ ಒಪ್ಪದ ಎರಡು ನಡವಳಿಕೆಗಳನ್ನು ಮೊದಲ ಐದು ಕಂತಿನೊಳಗೆ ತೋರಿಸಿ: ಬೆಂಕಿಗೆ ಹೆದರದೆ ಒಲೆ ಹೊತ್ತಿಸುತ್ತಾನೆ, ಆದರೆ ತಕ್ಕಡಿ ಕಂಡರೆ ಮುಖ ತಿರುಗಿಸುತ್ತಾನೆ. ಕೇಳುವವರಲ್ಲಿ ಒಬ್ಬರಾದರೂ ತೂಕದಲ್ಲಿ ಮೋಸ ನಡೆದಿತ್ತು ಎಂದು ಹಿಡಿಯುತ್ತಾರೆ. ಕೊನೆಗೆ ನಿಮಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆದು ಡಿಎಂಗೆ ಬಿಟ್ಟುಕೊಡಿ, "ಲೆಕ್ಕದ ಪುಸ್ತಕ ಕದ್ದವರು ಯಾರು" ಅನ್ನುವಂಥದ್ದು. ಯಾವುದು ನಿಮ್ಮದು, ಯಾವುದು ಡಿಎಂದು ಎಂದು ಅದೇ ಪುಟದಲ್ಲಿ ಗೆರೆ ಎಳೆಯಿರಿ. ಗೆರೆ ಇಲ್ಲದಿದ್ದರೆ ಮುದ್ರಣದ ನಡುವೆಯೇ ಇಬ್ಬರೂ ಎರಡು ಉತ್ತರ ಕೊಡುತ್ತೀರಿ, ಕೇಳುವವರು ಆ ಎಡವಟ್ಟನ್ನೇ ಸುಳಿವೆಂದು ಆರು ತಿಂಗಳು ಹಿಡಿದು ಜಗ್ಗುತ್ತಾರೆ. ನಿಮ್ಮ ಗುಟ್ಟನ್ನು ಯಾರೋ ಸರಿಯಾಗಿ ಊಹಿಸಿದರೆ ದಯವಿಟ್ಟು ಬದಲಾಯಿಸಬೇಡಿ. ಹಿಂದೆ ಇಟ್ಟ ಸುಳಿವುಗಳೆಲ್ಲ ಸುಳ್ಳಾಗುತ್ತವೆ, ಗಮನವಿಟ್ಟು ಕೇಳಿದವರಿಗೇ ಶಿಕ್ಷೆ ಕೊಟ್ಟಂತಾಗುತ್ತದೆ.

ಪ್ರಶ್ನೆ: ಅಡಿಕೆ ಸುಲಿಯುವಾಗ ಕೇಳೋಣ ಅಂದುಕೊಂಡಿದ್ದೇನೆ. ಎಲ್ಲಿಂದ ಶುರುಮಾಡಲಿ?

ಕ್ರಿಟಿಕಲ್ ರೋಲ್‌ನಿಂದ ಬೇಡ. ಎರಡನೇ ಕ್ಯಾಂಪೇನೇ 141 ಕಂತು, ಒಂದೊಂದು ಸುಮಾರು ನಾಲ್ಕು ಗಂಟೆ. ವಾರಕ್ಕೆ ಎರಡು ಗಂಟೆ ಕೇಳಿದರೆ ಐದು ವರ್ಷ ದಾಟುತ್ತದೆ, ಅಷ್ಟರಲ್ಲಿ ಮೊದಲ ಸುಳಿವು ಎಲ್ಲಿಂದ ನೆನಪಿರಬೇಕು. ಬ್ಯಾಲೆನ್ಸ್‌ನಿಂದ ಶುರುಮಾಡಿ, ಕಂತುಗಳು ಹೆಚ್ಚಾಗಿ ಒಂದು-ಒಂದೂವರೆ ಗಂಟೆಯವು. ಮಳೆಗಾಲಕ್ಕೆ ಮುಂಚೆಯೇ ಇಳಿಸಿಟ್ಟುಕೊಳ್ಳಿ. ಗಾಳಿಮಳೆಗೆ ಕರೆಂಟು ಹೋದರೆ ಹಿಂದೆಯೇ ಟವರೂ ಮಲಗುತ್ತದೆ. 128 ಕೆಬಿಪಿಎಸ್ ಆಡಿಯೋಗೆ ಗಂಟೆಗೆ ಸುಮಾರು 58 ಎಂಬಿ ಲೆಕ್ಕ ಇಟ್ಟುಕೊಳ್ಳಿ. ಮೊದಲ ಸಲ ವೇಗ ಹೆಚ್ಚಿಸಬೇಡಿ, ತಡವರಿಕೆ ಮತ್ತು ಮೌನ ಎರಡೂ ಸಾಕ್ಷಿಯೇ, 1.5ರ ವೇಗದಲ್ಲಿ ಅವೆರಡೂ ಕರಗುತ್ತವೆ. ಕೈಯಲ್ಲಿ ಅಡಿಕೆಯಿದ್ದಾಗ ಬರೆಯಲಾಗುವುದಿಲ್ಲ, ಕಂತು ನಿಲ್ಲಿಸಿ ಫೋನಿಗೆ ಎರಡು ಮಾತು ಧ್ವನಿಮುದ್ರಿಸಿ, ರಾತ್ರಿ ನೋಟ್‌ಬುಕ್ಕಿಗೆ ಇಳಿಸಿ. ಮೊದಲ ಆರು ಕಂತು ಸಿದ್ಧ ಸಾಹಸದವು, ನಗೆಯೇ ಹೆಚ್ಚು. ಬೇಸರಿಸಿ ಹಾರಿಸಬೇಡಿ. ಕೊಡೆಯ ಸುದ್ದಿ ನಾವು ಹೇಳಿಬಿಟ್ಟಿದ್ದೇವೆ, ಹೇಳದೆ ಬಿಟ್ಟದ್ದು ಇನ್ನೂ ಇದೆ. ಆರನೆಯದು ಮುಗಿಯುವ ಹೊತ್ತಿಗೆ ಎಡಪುಟಗಳು ತುಂಬಿರಲಿ, ಬಲಪುಟದಲ್ಲಿ ಮೂರು ಸಾಲಿಗಿಂತ ಹೆಚ್ಚಿದ್ದರೆ ಅವಸರ ಮಾಡಿದ್ದೀರಿ ಅಂತ ಲೆಕ್ಕ.